ಎಡಕ್ಕೆ ಸರಿದ ದೀಪ

"ಮೇಡಂ, ಒಳಗೆ ಇಳಿದಿದ್ದೇನೋ ಸರಿ. ಹೊರಗೆ ಬರೋದು ಹೇಗೆ ಅಂತ ಯೋಚ್ನೆ ಮಾಡಿದ್ದೀರಾ?"

ಠಾಣೆಯಲ್ಲಿ ಎಲ್ಲರೂ ಮೀಸೆ ಎನ್ನುವ ಹೆಡ್ ಕಾನ್‌ಸ್ಟೆಬಲ್‌ನ ದನಿ ಬಾವಿಯ ಬಾಯಿಂದ ಇಳಿದು ಬಂದ ಹಾಗೆ ಕೇಳಿಸಿತು. ಇನ್ಸ್‌ಪೆಕ್ಟರ್ ಮ್ಯೂಸಿಯಮ್ಮಿನ ಯುದ್ಧದ ಟ್ಯಾಂಕಿನೊಳಗೆ, ಡ್ರೈವರ್ ಸೀಟಿನಲ್ಲಿ, ಮಡಚಿಟ್ಟ ಕೊಡೆಯ ಹಾಗೆ ಕೂತಿದ್ದಳು. ಮೊಣಕಾಲು ಎದೆಗೆ ಒತ್ತುತ್ತಿತ್ತು. ನೆತ್ತಿ ಮುಚ್ಚಳಕ್ಕೆ ತಾಗುತ್ತಿತ್ತು.

ಎದುರಿಗೆ ಮೀಟರುಗಳ ಹಲಗೆ. ಬಲಗೈಗೆ ಗೇರಿನ ಉದ್ದನೆಯ ಹಿಡಿ. ಹಲಗೆಯ ಬಲಬದಿಗೆ, ಮೀಟರುಗಳ ಮೇಲೆ ಬೆಳಕು ಬೀಳುವಂತೆ, ಕೊರಳು ಬಗ್ಗಿಸಿ ನಿಂತ ಒಂದು ಪುಟ್ಟ ದೀಪ.

ಅವಳು ಗೇರಿನ ಹಿಡಿಯನ್ನು ಹಿಂದಕ್ಕೆ ಎಳೆದಳು. ಮೊಣಕೈ ದೀಪಕ್ಕೆ ಬಡಿಯಿತು. ಮತ್ತೊಮ್ಮೆ ಎಳೆದಳು. ಮತ್ತೆ ಬಡಿಯಿತು, ಈ ಸಲ ಮೂಳೆಗೇ.

ಇಂಥದ್ದರಲ್ಲಿ ದಿನವಿಡೀ ಕೂತು ಗೇರು ಎಳೆಯುವವನು ಏನು ಮಾಡುತ್ತಾನೆ? ದೀಪವನ್ನು ಕಿತ್ತು ಆಚೆಗೆ ಹಾಕುತ್ತಾನೆ.

ಅವಳು ಜೇಬಿನಿಂದ ಚಾಕು ತೆಗೆದು ಹಲಗೆಯ ಎಡಬದಿಯ ಬಿಳಿ ಬಣ್ಣವನ್ನು ಕೆರೆಯತೊಡಗಿದಳು.

"ಅಯ್ಯೋ ಮೇಡಂ, ಅದು ಹೊಸ ಪೇಂಟು!" ಮ್ಯೂಸಿಯಮ್ಮಿನ ಮೆಕ್ಯಾನಿಕ್ ಮೇಲಿನಿಂದ ಕೂಗಿದ.

"ಹೊಸದಾದ್ರೆ ಇನ್ನೊಂದು ಕೈ ಹೊಡೀರಿ."

ಬಿಳಿ ಉದುರಿತು. ಅದರ ಕೆಳಗೆ ಮಸಿ. ಮಸಿಯ ನಡುವೆ ಗಟ್ಟಿಯಾಗಿ ಮೆತ್ತಿದ ಪುಟ್ಟಿ. ಚಾಕುವಿನ ಮೊನೆ ಪುಟ್ಟಿಯನ್ನು ಒಡೆದು ಸರಕ್ಕನೆ ಒಳಗೆ ಹೋಯಿತು. ಪಕ್ಕದಲ್ಲೇ ಇನ್ನೊಂದು ಕಡೆ ಒತ್ತಿದಳು. ಅಲ್ಲೂ ಹೋಯಿತು. ಎರಡು ತೂತು, ಮೇಲೊಂದು ಕೆಳಗೊಂದು. ಬಲಬದಿಯಲ್ಲಿ ದೀಪವನ್ನು ಹಿಡಿದಿದ್ದ ಬೋಲ್ಟುಗಳ ಅಂತರವೇ ಇಲ್ಲೂ ಇತ್ತು.

ಮೆಕ್ಯಾನಿಕ್ ತಲೆಕೆಳಗಾಗಿ ಬಗ್ಗಿ ಟಾರ್ಚ್ ಬಿಟ್ಟು ನೋಡಿದ. "ದೀಪ ಮೊದಲು ಈ ಕಡೆ ಇತ್ತು ಅಂತ ಕಾಣ್ಸತ್ತೆ. ನಮ್ಮ ಕೈಗೆ ಬಂದಾಗ ಎಲ್ಲ ಸುಟ್ಟು ಕರಕಲಾಗಿತ್ತಂತೆ. ಫ್ಯಾಕ್ಟರಿ ನಕ್ಷೇಲಿ ಬಲಕ್ಕಿದೆ, ಬಲಕ್ಕೇ ಕೂಡಿಸಿದ್ದಾರೆ. ಒಳಗಿರೋದನ್ನ ಯಾರು ನೋಡ್ತಾರೆ ಬಿಡಿ ಮೇಡಂ."

ಆ ಮಾತನ್ನು ಈ ವಾರದಲ್ಲಿ ಅವಳು ಎಷ್ಟು ಜನರ ಬಾಯಲ್ಲಿ ಕೇಳಿದ್ದಳೋ.

ಒಳಗಿರುವುದನ್ನೇ ನೋಡುತ್ತಾ ಬದುಕು ಸವೆಸಿದ ಒಬ್ಬ ಮನುಷ್ಯ ಕಳೆದ ವಾರ ತನ್ನ ಕೆಲಸದ ಕೋಣೆಯಲ್ಲಿ ಸತ್ತು ಬಿದ್ದಿದ್ದ. ಸಾಮಾನು ಕಚ್ಚಿ ಹಿಡಿಯಲು ಮೇಜಿಗೆ ಬಿಗಿದಿದ್ದ ಕಬ್ಬಿಣದ ವೈಸಿನ ಮೂಲೆ ಅವನ ತಲೆಯ ಹಿಂಬದಿಗೆ ಹೊಕ್ಕಿತ್ತು. ಓಣಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಚಿಮಟ ಎಂದು. ಚಿಮಟ ಹಿಡಿದು ಕಾಳುಮೆಣಸಿನಷ್ಟು ಚೂರುಗಳನ್ನು ಜೋಡಿಸಿ ಆಟಿಕೆಯಂಥ ಟ್ಯಾಂಕ್ ಮಾಡುವವನು. ಆದರೆ ಆಟಿಕೆ ಎಂದವರನ್ನು ಅವನು ಮತ್ತೆ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಮುಚ್ಚಳ ಅಂಟಿಸಿದ ಮೇಲೆ ಯಾರ ಕಣ್ಣಿಗೂ ಬೀಳದ ಸೀಟು, ಪೈಪು, ತಂತಿ ಎಲ್ಲವೂ ನಿಜದಲ್ಲಿ ಹೇಗಿತ್ತೋ ಹಾಗೇ ಇರಬೇಕು. ಇಲ್ಲದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಮೀಸೆ ಎರಡೂ ಕೈ ಕೊಟ್ಟು ಎಳೆದಾಗ ಇನ್ಸ್‌ಪೆಕ್ಟರ್ ಮೈತುಂಬ ಬಿಳಿ ಪುಡಿಯೊಂದಿಗೆ ಹೊರಗೆ ಬಂದಳು.

"ಹಿಟ್ಟಿನ ಗಿರಣಿಯಿಂದ ಬಂದ ಹಾಗಿದ್ದೀರಿ," ಎಂದ ಮೀಸೆ.

"ಚಿಮಟ ಮಾಡಿದ ಈ ಟ್ಯಾಂಕಿನ ಮಾಡೆಲ್‌ನಲ್ಲಿ ದೀಪ ಯಾವ ಕಡೆ ಇತ್ತು, ನೆನಪಿದೆಯಾ?"

"ಸಾಯೋ ದಿನ ಬೆಳಗ್ಗೆ ಫೋಟೋ ತೆಗೆದು ಮಾಡೆಲ್ ಮಾರೋ ಕಿಟ್ ಕಂಪನಿಗೆ ಕಳಿಸಿದ್ನಲ್ಲ, ಅದರಲ್ಲಿ ಬಲಕ್ಕಿದೆ. ನಾವು ಹೋಗಿ ನೋಡಿದಾಗ ಎಡಕ್ಕಿತ್ತು."

"ಬಲಗಡೆಯಿಂದ ಕಿತ್ತ ಗಾಯ ಹಾಗೇ ಇದೆ. ಎಡಕ್ಕೆ ಅಂಟಿಸಿದ್ದು ಚಿಮಟ ಅಲ್ಲ. ಅವನು ಗಮ್ ಹಚ್ಚಿದ್ರೆ ಹಚ್ಚಿದ್ದೇ ಗೊತ್ತಾಗಲ್ಲ. ಇಲ್ಲಿ ನೋಡಿದ್ರೆ ಜೇನು ಚೆಲ್ಲಿದ ಹಾಗಿದೆ. ನಡುಗೋ ಕೈಯವರು ಯಾರೋ ಹಚ್ಚಿದ್ದು."

"ಮ್ಯೂಸಿಯಂಗೆ ಗೊತ್ತಿಲ್ಲ, ಫ್ಯಾಕ್ಟರಿ ನಕ್ಷೆಗೆ ಗೊತ್ತಿಲ್ಲ, ಚಿಮಟನಿಗೂ ಗೊತ್ತಿರ್ಲಿಲ್ಲ," ಮೀಸೆ ಮೀಸೆ ತಿರುವಿದ. "ಹಾಗಿದ್ರೆ ಗೊತ್ತಿದ್ದವನು ಯಾರು ಮೇಡಂ?"

"ಒಳಗೆ ಕೂತವನು."

* * *

ಆ ಟ್ಯಾಂಕಿನ ಕಥೆ ಶಾಲೆಯ ಮಕ್ಕಳಿಗೂ ಬಾಯಿಪಾಠ. ಯುದ್ಧದಲ್ಲಿ ನದಿ ದಾಟುವಾಗ ಅದಕ್ಕೆ ಗುಂಡು ಬಿತ್ತು. ಒಳಗೆ ನಾಲ್ವರಿದ್ದರು. ಡ್ರೈವರ್ ಮುಚ್ಚಳ ತೆರೆದು ಓಡಿಹೋದ, ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಇಬ್ಬರು ಒಳಗೇ ಬೂದಿಯಾದರು. ಕ್ಯಾಪ್ಟನ್ ಮಾತ್ರ ಉರಿಯುವ ಟ್ಯಾಂಕಿನಿಂದ ಕೊನೆಯವರೆಗೂ ತೋಪು ಹಾರಿಸಿ, ಮುಖ ಮೈ ಸುಟ್ಟುಕೊಂಡು ಹೊರಬಿದ್ದರು. ಇದನ್ನೆಲ್ಲ ಹೇಳಿದವರೂ ಕ್ಯಾಪ್ಟನ್ನೇ. ಹೇಳಲು ಬೇರೆ ಯಾರೂ ಉಳಿದಿರಲಿಲ್ಲ. ಬೂದಿಯನ್ನು ಎಣಿಸಲು ಯಾರಿಂದಲೂ ಆಗುವುದಿಲ್ಲ.

ಓಡಿಹೋದ ಡ್ರೈವರ್ ಚಿಮಟನ ಒಡಹುಟ್ಟಿದ ಅಣ್ಣ.

ಈಗ ಕಿಟ್ ಕಂಪನಿಯೊಂದು ಅದೇ ಟ್ಯಾಂಕಿನ ದೊಡ್ಡ ಮಾಡೆಲ್ ಕಿಟ್, ಅಂದರೆ ಚೂರುಗಳನ್ನು ಮನೆಯಲ್ಲೇ ಜೋಡಿಸಿಕೊಳ್ಳುವ ಡಬ್ಬ, ತರುತ್ತಿತ್ತು. ನಿಜದ ಅಳತೆಯ ಹದಿನಾರರಲ್ಲಿ ಒಂದು ಪಾಲು, ಒಳಗಿನ ಸಾಮಾನೆಲ್ಲ ಸಮೇತ. ಡಬ್ಬದ ಮೇಲೆ ಕ್ಯಾಪ್ಟನ್ ಚಿತ್ರ. ಒಳಗೆ ತಪ್ಪು ಹುಡುಕಲು ಚಿಮಟನನ್ನು ಕರೆದಿದ್ದರು. ಅವನು ಹುಡುಕಿದ. ಹುಡುಕಿದ್ದೇ ಮುಳುವಾಯಿತು.

ಕಂಪನಿಯ ಯಜಮಾನನಿಗೂ ಅವನಿಗೂ ರೇಡಿಯೋ ವಿಷಯಕ್ಕೆ ಬೀದಿಯಲ್ಲೇ ಜಗಳವಾಗಿತ್ತು. ಕಿಟ್ಟಿನಲ್ಲಿ ರೇಡಿಯೋ ಕ್ಯಾಪ್ಟನ್ ಸೀಟಿನ ಎಡಕ್ಕಿತ್ತು, ಮ್ಯೂಸಿಯಮ್ಮಿನಲ್ಲಿರುವ ಹಾಗೆ. ಚಿಮಟ ಅದು ತಪ್ಪೆಂದ. ಹಿಂದಿನ ಗೋಡೆಯಲ್ಲಿ ತಂತಿ ಹಾದುಹೋದ ತೂತುಗಳಿವೆ. ಯುದ್ಧ ಆದಾಗ ರೇಡಿಯೋ ಅಲ್ಲಿತ್ತು. ಎಡಕ್ಕಿರುವುದು ಆಮೇಲೆ ಬೇರೆ ಟ್ಯಾಂಕಿನಿಂದ ತಂದು ಕೂಡಿಸಿದ್ದು. ಅಚ್ಚು ಬದಲಿಸಿ ಎಂದು ಹಟ ಹಿಡಿದ. "ನಿನ್ನ ಕೈಕಾಲು ಮುರಿಸ್ತೀನಿ" ಎಂದು ಯಜಮಾನ ಕೂಗಿದ್ದನ್ನು ಓಣಿಯೇ ಕೇಳಿತ್ತು. ಆದರೆ ಚಿಮಟ ಸತ್ತ ಸಂಜೆ ಆ ಯಜಮಾನ ಬೇರೆ ಊರಿನ ಪ್ರದರ್ಶನದಲ್ಲಿ, ನೂರಾರು ಜನರ ಎದುರು ಮೈಕು ಹಿಡಿದು ನಿಂತಿದ್ದ. ಎತ್ತಿನ ಗಾಡಿಯಷ್ಟು ಗದ್ದಲ ಮಾಡುವವನು, ಆದರೆ ಕೊಲೆಗಾರನಲ್ಲ.

ಮ್ಯೂಸಿಯಮ್ಮಿನಿಂದ ಹೊರಡುವಾಗ ಫೋನ್ ಗುನುಗಿತು. ಮೇಲಧಿಕಾರಿ ಸಾಹೇಬರು.

"ಏನಮ್ಮಾ, ಟ್ಯಾಂಕಿನೊಳಗೆ ಕೂತ್ಕೊಂಡು ಯುದ್ಧ ಮಾಡ್ತಿದ್ದೀಯಂತೆ?"

"ಸ್ವಲ್ಪ ಕೆಲಸ ಇತ್ತು ಸರ್."

"ವಯಸ್ಸಾದ ಮನುಷ್ಯ, ಕಾಲು ಜಾರ್ತು, ವೈಸಿಗೆ ತಲೆ ಬಡೀತು. ಬರೆದು ಮುಗ್ಸು. ಕಿಟ್ ಬಿಡುಗಡೆಗೆ ಮಂತ್ರಿಗಳು ಬರ್ತಾರೆ. ಕ್ಯಾಪ್ಟನ್ ಮನೆ ಹತ್ರ ನಿನ್ನ ಜೀಪ್ ಕಾಣಿಸ್ಬಾರ್ದು, ಅರ್ಥ ಆಯ್ತಾ?"

"ಜೀಪ್ ಕಾಣಿಸಲ್ಲ ಸರ್," ಎಂದಳು ಇನ್ಸ್‌ಪೆಕ್ಟರ್.

* * *

ಚಿಮಟನ ಮಗಳು ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಒಂದು ಸಣ್ಣ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಕಿಟಕಿಯ ಪಕ್ಕ ಕೂತು, ಯಾರದೋ ಮೇಲ್ದವಡೆಯನ್ನು ಅಂಗೈಯಲ್ಲಿಟ್ಟುಕೊಂಡು ಅರ ಉಜ್ಜುತ್ತಿದ್ದಳು. ತಲೆ ಎತ್ತಲಿಲ್ಲ.

"ಮತ್ತೆ ಬಂದ್ರಾ."

"ಒಂದೇ ಪ್ರಶ್ನೆ. ಆ ಸಂಜೆ ನಿಮ್ಮಪ್ಪನ್ನ ನೋಡೋಕೆ ಯಾರಾದ್ರೂ ಬರೋರಿದ್ರಾ?"

"ನಾನು ಬೇರೆ ಮನೇಲಿರೋದು. ಮಾರನೇ ದಿನ ಬೆಳಗ್ಗೆ ಹೋದಾಗಲೇ ನೋಡಿದ್ದು. ಹೇಳಿದ್ದೀನಲ್ಲ ಮೇಡಂ." ಅವಳು ಹಲ್ಲಿನ ಪುಡಿಯನ್ನು ಊದಿದಳು. "ನೀವು ಕಂಡುಹಿಡಿದು ಏನು ಮಾಡ್ತೀರಿ? ಅಪ್ಪ ಎದ್ದು ಬರ್ತಾರಾ? ಬಂದ್ರೂ ಮತ್ತೆ ಅದೇ ಟ್ಯಾಂಕ್ ಮುಂದೆ ಕೂತ್ಕೋತಾರೆ."

"ನಿಮಗೆ ಬೇಜಾರಿತ್ತಾ?"

"ಬೇಜಾರಾ?" ಅರ ನಿಂತಿತು. "ನಾನು ಸ್ಕೂಲಿಗೆ ಹೋಗ್ವಾಗ ನನ್ನ ಹೆಸರು ಯಾರೂ ಕರೀತಿರ್ಲಿಲ್ಲ. 'ಓಡಿಹೋದೋನ ಮನೆ ಹುಡ್ಗಿ' ಅಂತಲೇ ಕರೀತಿದ್ರು. ಓಟದ ಪಂದ್ಯ ಬಂದ್ರೆ, 'ಇವಳೇ ಗೆಲ್ಲೋದು, ರಕ್ತದಲ್ಲೇ ಇದೆ' ಅಂತ ನಗ್ತಿದ್ರು. ನಾನು ಓಡೋದನ್ನೇ ಬಿಟ್ಟೆ. ಬಸ್ ತಪ್ಪಿದ್ರೂ ಓಡಲ್ಲ. ಅಪ್ಪ ಮಾತ್ರ, 'ನಿನ್ನ ದೊಡ್ಡಪ್ಪ ಓಡಿಲ್ಲ, ಒಳಗೇ ಸತ್ತಿದ್ದಾನೆ, ಒಳಗಿರೋದನ್ನೆಲ್ಲ ಸರಿಯಾಗಿ ಜೋಡಿಸಿದ್ರೆ ಒಂದಿನ ಗೊತ್ತಾಗತ್ತೆ' ಅನ್ನೋರು. ಸತ್ತಿದ್ದಾನೆ ಅಂತ ಗೊತ್ತಾದ್ರೆ ಸಾಕಾಗಿತ್ತು ಅವ್ರಿಗೆ. ಅಣ್ಣ ಸತ್ತ ಸುದ್ದಿಗೆ ಕಾಯೋ ತಮ್ಮನ್ನ ಎಲ್ಲಾದ್ರೂ ಕಂಡಿದ್ದೀರಾ?"

ಇನ್ಸ್‌ಪೆಕ್ಟರ್ ಸ್ಟೂಲು ಎಳೆದು ಕೂತಳು. ಮೀಸೆ ಬಾಗಿಲಲ್ಲೇ ನಿಂತಿದ್ದ.

"ಕ್ಯಾಪ್ಟನ್ನ ಯಾವತ್ತಾದ್ರೂ ಭೇಟಿ ಮಾಡಿದ್ದೀರಾ?"

"ಡಬ್ಬದ ಮೇಲೆ ನೋಡಿದ್ದೀನಿ. ಅಷ್ಟೇ. ನಮ್ಮ ಮನೆ ಮುಳುಗಿಸಿದ ಮನುಷ್ಯನ್ನ ನಾನ್ಯಾಕೆ ಭೇಟಿ ಮಾಡ್ಲಿ?"

ಅರ ಮತ್ತೆ ಕರಕರ ಎಂದಿತು.

* * *

ಜೀಪನ್ನು ಬೀದಿಯ ತಿರುವಿನಲ್ಲೇ ಬಿಟ್ಟು ಇಬ್ಬರೂ ನಡೆದು ಹೋದರು. ಮೀಸೆಯ ಕಂಕುಳಲ್ಲಿ ಬಟ್ಟೆ ಸುತ್ತಿದ ಪೆಟ್ಟಿಗೆ. ಮಧ್ಯಾಹ್ನದ ಬಿಸಿಲಿಗೆ ಬೀದಿ ಖಾಲಿಯಾಗಿತ್ತು.

ಕ್ಯಾಪ್ಟನ್ ಒಬ್ಬರೇ ಇದ್ದರು. ಯಾವಾಗಲೂ ಒಬ್ಬರೇ ಇದ್ದವರು. ಯುದ್ಧಕ್ಕೆ ಮೊದಲೂ ಅವರಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲವಂತೆ. ಅನಾಥಾಲಯದಲ್ಲಿ ಬೆಳೆದು ಸೈನ್ಯ ಸೇರಿದವರು. ಗೋಡೆಗಳು ಬೋಳು. ಒಂದು ಕುರ್ಚಿ, ಒಂದು ಮಂಚ, ಕೂತ ಕೋಣೆಗೂ ಬೀದಿ ಬಾಗಿಲಿಗೂ ನಡುವೆ ಒಂದು ದಪ್ಪ ಪರದೆ. ಮುಖದ ಒಂದು ಪಕ್ಕ ಎಳೆದು ಹೊಲಿದ ಚರ್ಮದ ಹಾಗೆ ಬಿಗಿದಿತ್ತು. ಕಣ್ಣು ಮಾತ್ರ ಮೆತ್ತಗಿತ್ತು.

"ಕೂತ್ಕೊಳ್ಳಮ್ಮ. ನೀನೂ ಕೂತ್ಕೊಳಪ್ಪ. ಇನ್ನೊಂದು ಕುರ್ಚಿ ಇಲ್ಲ, ಮಂಚದ ಮೇಲೆ ಕೂತ್ಕೊ."

ಮೀಸೆ ಕಿಟಕಿಯ ಪಕ್ಕ ನಿಂತೇ ಇದ್ದ. ಪೆಟ್ಟಿಗೆಯನ್ನು ನೆಲದ ಮೇಲಿಟ್ಟ.

"ಚಿಮಟನ ಮನೆಗೆ ಹೋಗಿದ್ರಾ ಸರ್?"

"ಇಲ್ಲಮ್ಮ. ಆತ ತುಂಬಾ ಸಲ ಕರೆದ. ನಾನು ಹೋಗ್ಲಿಲ್ಲ. ಆ ಮನೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಮಾತು ತಡೆಯಿಲ್ಲದೆ ಬಂತು, ಗಿಳಿಪಾಠದ ಹಾಗೆ. ಇನ್ಸ್‌ಪೆಕ್ಟರ್ ತಲೆಯಾಡಿಸಿದಳು.

"ಹೋಗ್ಲಿ ಬಿಡಿ. ಕಿಟ್ ಬಿಡುಗಡೆ ದಿನ ಮಕ್ಕಳು ಕೇಳ್ತಾರೆ, ನಾನೂ ಕೇಳ್ತೀನಿ. ಟ್ಯಾಂಕಲ್ಲಿ ನಿಮ್ಮ ಜಾಗ ಎಲ್ಲಿತ್ತು?"

"ಮೇಲೆ. ತೋಪು ತಿರುಗತ್ತಲ್ಲ, ಆ ಗೋಪುರದಲ್ಲಿ."

"ರೇಡಿಯೋ?"

"ಎಡಗಡೆ. ಭುಜದ ಪಕ್ಕ. ಕೈ ಚಾಚಿದ್ರೆ ಸಿಕ್ತಿತ್ತು."

ಕಿಟಕಿಯ ಪಕ್ಕದಲ್ಲಿ ಮೀಸೆ ಅಲುಗಿದ. ಇನ್ಸ್‌ಪೆಕ್ಟರ್ ಅವನತ್ತ ನೋಡಲಿಲ್ಲ.

"ಅದರಲ್ಲೇ ಕೊನೆ ಸಲ ಮಾತಾಡಿದ್ದಾ?"

"ಅದರಲ್ಲೇ."

ಅವಳು ನೆಲದ ಮೇಲೆ ಕೂತು ಬಟ್ಟೆ ಬಿಚ್ಚಿದಳು. ಚಿಮಟನ ಟ್ಯಾಂಕ್ ಒಂದು ತೋಳಿನಷ್ಟು ಉದ್ದ. ಇನ್ನೂ ಮುಚ್ಚಳ ಅಂಟಿಸಿರಲಿಲ್ಲ. ಗೋಪುರವನ್ನು ಮೆಲ್ಲಗೆ ಎತ್ತಿ ಅವರ ಕಾಲ ಬಳಿ ಇಟ್ಟಳು.

ಕ್ಯಾಪ್ಟನ್ ಮುಖ ತಿರುಗಿಸಿದರು.

"ನೋಡಿ ಸರ್. ರೇಡಿಯೋ ಹಿಂದಿನ ಗೋಡೇಲಿದೆ. ಚಿಮಟ ಇದಕ್ಕೋಸ್ಕರ ಬೀದೀಲಿ ಬೈಸ್ಕೊಂಡ. ನಿಮ್ಮ ಬೆನ್ನ ಹಿಂದೆ ಇದ್ದ ರೇಡಿಯೋ. ಕೈ ಚಾಚಿದ್ರೆ ಸಿಗಲ್ಲ, ಪೂರ್ತಿ ತಿರುಗ್ಬೇಕು."

"ಅವನು ತಪ್ಪು ಮಾಡಿದ್ದಾನೆ."

"ಇಲ್ಲ. ಎಡಕ್ಕಿರೋದು ಯುದ್ಧ ಮುಗಿದ ಮೇಲೆ ಮ್ಯೂಸಿಯಂನೋರು ತಂದು ಕೂಡಿಸಿದ್ದು. ಆ ತಪ್ಪನ್ನೇ ಕಿಟ್ ಕಂಪನಿ ಅಚ್ಚು ಹಾಕಿದೆ. ಎಡಗಡೆ ರೇಡಿಯೋ ನೋಡಿರೋದು ಎರಡೇ ಥರದ ಜನ. ಮ್ಯೂಸಿಯಂಗೆ ಟಿಕೆಟ್ ತಗೊಂಡು ಹೋದೋರು, ಇಲ್ಲಾಂದ್ರೆ ಡಬ್ಬದೊಳಗಿನ ಚಿತ್ರ ನೋಡಿ ಜೋಡಿಸೋರು."

"ಬಹಳ ವರ್ಷ ಆಯ್ತಮ್ಮ. ಮರೆವು."

"ಇರಬಹುದು." ಅವಳು ಮೊಬೈಲ್‌ನಲ್ಲಿ ಒಂದು ಫೋಟೋ ತೆರೆದು ಅವರ ಮುಂದೆ ಹಿಡಿದಳು. "ಇದು ಡ್ರೈವರ್ ಜಾಗ. ದೀಪದ ಪಕ್ಕ ನೋಡಿ. ಈ ಗಮ್ ಪ್ಲಾಸ್ಟಿಕ್ಕನ್ನೇ ಕರಗಿಸತ್ತೆ. ಒದ್ದೆ ಇದ್ದಾಗ ಬೆರಳಿಟ್ರೆ ಗೆರೆ ಅಚ್ಚಾಗತ್ತೆ. ಇಲ್ಲಿ ಬೆರಳಿನ ಗುರುತಿದೆ, ಗೆರೆ ಇಲ್ಲ. ಒಂದೂ ಇಲ್ಲ. ಯಾಕೆ ಅಂತ ನಮ್ಮ ಲ್ಯಾಬಿನೋರು ತಲೆ ಕೆಡಿಸ್ಕೊಂಡ್ರು."

ಕ್ಯಾಪ್ಟನ್ ತಮ್ಮ ಕೈಗಳನ್ನು ತೊಡೆಗಳ ನಡುವೆ ಇಟ್ಟುಕೊಂಡರು. ತಡವಾಗಿತ್ತು. ಬೆಂಕಿ ನೆಕ್ಕಿದ ಬೆರಳ ತುದಿಗಳು ನುಣ್ಣಗೆ, ಮೇಣ ಸವರಿದ ಹಾಗೆ ಹೊಳೆಯುತ್ತಿದ್ದುದನ್ನು ಬಂದ ಗಳಿಗೆಯಲ್ಲೇ ಅವಳು ನೋಡಿದ್ದಳು. ಅವು ನಡುಗುತ್ತಿದ್ದುದನ್ನೂ.

"ಹೋಗಿದ್ದೆ," ಎಂದರು ಅವರು. "ಇಷ್ಟು ವರ್ಷ ತಪ್ಪಿಸ್ಕೊಂಡೆ. ಡಬ್ಬದ ಮೇಲೆ ಚಿತ್ರ ಬಂತಲ್ಲ, ಒಂದ್ಸಲ ಒಳಗೆ ನೋಡೋಣ ಅನ್ನಿಸ್ತು. ಎಲ್ಲ ಹಾಗೇ ಇತ್ತು. ಸೀಟಿನ ರೆಕ್ಸಿನ್ ಹರಿದಿದ್ದು ಕೂಡ. ದೀಪ ಒಂದು ಮಾತ್ರ ತಪ್ಪಿತ್ತು. ನನ್ನ ಕೈ ಸುಮ್ನೆ ಇರ್ಲಿಲ್ಲ."

"ಎಡಕ್ಕೆ ಯಾಕೆ ಹಾಕ್ಕೊಂಡಿದ್ದಿದ್ದು?"

"ಬಲಗಡೆ ಇದ್ರೆ ಗೇರ್ ಎಳೀವಾಗೆಲ್ಲ ಮೊಣಕೈಗೆ ಬಡೀತಿತ್ತು."

"ಯಾರ ಮೊಣಕೈಗೆ?"

ಕ್ಯಾಪ್ಟನ್ ಬಗ್ಗಿ ಗೋಪುರವನ್ನು ಮತ್ತೆ ಮಾಡೆಲ್ಲಿನ ಮೇಲೆ ಇಡಲು ನೋಡಿದರು.

"ಬೆಳಗ್ಗೆ ನಾನು ಟ್ಯಾಂಕೊಳಗೆ ಹೋಗಿದ್ದೆ ಸರ್," ಇನ್ಸ್‌ಪೆಕ್ಟರ್ ದನಿ ತಗ್ಗಿತು. "ಕ್ಯಾಪ್ಟನ್ ಸೀಟಲ್ಲೂ ಕೂತು ನೋಡಿದೆ. ಅಲ್ಲಿಂದ ದೀಪ ಇರಲಿ, ಡ್ರೈವರ್ ತಲೆ ಕೂಡ ಕಾಣಲ್ಲ. ಮೇಲೆ ಕೂತೋರಿಗೆ ಕೆಳಗಿನ ದೀಪ ಗೊತ್ತಿರಲ್ಲ. ಕೆಳಗೆ ಕೂತೋರಿಗೆ ಮೇಲಿನ ರೇಡಿಯೋ ಗೊತ್ತಿರಲ್ಲ. ಯಾರ ಮೊಣಕೈಗೆ?"

ಕ್ಯಾಪ್ಟನ್ ನಕ್ಕರೋ ಅತ್ತರೋ ಗೊತ್ತಾಗಲಿಲ್ಲ. ಸುಟ್ಟ ಮುಖದಲ್ಲಿ ಎರಡೂ ಒಂದೇ ಥರ ಕಾಣುತ್ತಿದ್ದವು.

"ಅವನೂ ಇದನ್ನೇ ಕೇಳ್ದ. ಇದೇ ಮಾತು."

"ನೀವೇನು ಹೇಳಿದ್ರಿ?"

"ನಾನೇನೂ ಹೇಳ್ಲಿಲ್ಲ. ಅವನೇ ಹೇಳ್ದ. ನೀನು ಬರ್ತೀಯ ಅಂತ ಅಮ್ಮ ಸಾಯೋ ತನಕ ಬೀದಿ ಬಾಗಿಲಿಗೆ ಚಿಲಕ ಹಾಕೋಕೆ ಬಿಡ್ಲಿಲ್ಲ ಅಂತ."

ಊಹಿಸುವುದು ಬೇರೆ, ಎದುರಿಗೆ ಕೂತು ಕೇಳುವುದು ಬೇರೆ. ಈ ಮನುಷ್ಯ ಕ್ಯಾಪ್ಟನ್ ಆಗಿರಲಿಲ್ಲ. ಕ್ಯಾಪ್ಟನ್ ಆ ನದಿಯಲ್ಲೇ ಬೂದಿಯಾಗಿದ್ದ.

"ಬೆಂಕಿ ಹತ್ತಿದಾಗ ಕ್ಯಾಪ್ಟನ್ ಮೇಲಿಂದ ಕೂಗ್ತಿದ್ರು," ಎಂದ ಮುದುಕ, ಯಾರೋ ಕೇಳಿದರೆಂಬಂತೆ. "ಕಾಲು ಸಿಕ್ಕಿಹಾಕ್ಕೊಂಡಿತ್ತು. ಎಳೀತೀನಿ ಅಂತ ಹೋದೆ. ಕೋಟು ಕೈಗೆ ಬಂತು. ಅವ್ರು ಬರ್ಲಿಲ್ಲ. ನಾನು ಮುಚ್ಚಳ ತೆಗೆದು ಓಡ್ದೆ. ಕೋಟು ಹಿಡ್ಕೊಂಡೇ ಓಡ್ದೆ. ನೀರಲ್ಲಿ ಚಳಿ. ಹಾಕ್ಕೊಂಡೆ. ಆಸ್ಪತ್ರೇಲಿ ಬ್ಯಾಂಡೇಜಿನೊಳಗೆ ಕಣ್ಣು ಬಿಟ್ಟಾಗ ಎಲ್ರೂ ನನ್ನ ಕ್ಯಾಪ್ಟನ್ ಅಂತಿದ್ರು. ಡ್ರೈವರ್ ಏನಾದ ಅಂತ ಕೇಳಿದ್ರು. ಓಡಿಹೋದ ಅಂದೆ."

ತನ್ನ ಅಂಗೈ ನೋಡಿಕೊಳ್ಳುತ್ತಾ, "ಸುಳ್ಳೇನಲ್ಲಮ್ಮ ಅದು," ಎಂದ.

ಮೀಸೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಅವನ ಹೆಗಲು ಕುಸಿದಿತ್ತು.

"ನಿಮ್ಮ ತಮ್ಮ ಬದುಕಿಡೀ ಹುಡುಕಿದ್ದು, ಅಣ್ಣ ಓಡಿಲ್ಲ ಅನ್ನೋದಕ್ಕೆ ಸಾಕ್ಷಿ," ಎಂದಳು ಇನ್ಸ್‌ಪೆಕ್ಟರ್. ಹೇಳಬಾರದಿತ್ತು ಅನ್ನಿಸಿತು. ಹೇಳಿಯಾಗಿತ್ತು.

"ಸಿಕ್ಕಿತ್ತಲ್ಲ, ಕೊನೆಗೆ. ಎದುರಿಗೇ ಕೂತಿದ್ದೆ."

"ನೀವು ತಳ್ಳಿದ್ರಾ?"

"ಹೌದು ಅಂತ ಬರ್ಕೊಳ್ಳಿ."

"ನಾನು ಬರ್ಕೊಳ್ಳೋದು ಬೇಡ. ನಡೆದಿದ್ದು ಹೇಳಿ."

"ಬರ್ಕೊಳ್ಳಿ ಅಂದ್ನಲ್ಲ!" ಮೊದಲ ಸಲ ದನಿ ಏರಿತು. "ನಿಮ್ಮ ಸಾಹೇಬ್ರಿಗೂ ಸುಲಭ ಆಗತ್ತೆ. ಒಬ್ಬ ಮುದುಕ. ಇವತ್ತೋ ನಾಳೆಯೋ ಹೋಗೋ ಜೀವ. ಆ ಮನೆಗೆ ನಾನು ಏನೂ ಕೊಟ್ಟಿಲ್ಲ. ಇದಾದ್ರೂ ಕೊಡ್ತೀನಿ."

"ಆ ಮನೆಗೆ ಅಂದ್ರೆ ಯಾರಿಗೆ? ಅಲ್ಲಿ ಯಾರು ಉಳಿದಿದ್ದಾರೆ?"

ಮುದುಕ ನಾಲಿಗೆ ಕಚ್ಚಿಕೊಂಡ. ಬೇಡದ ಕಡೆ ಕಾಲಿಟ್ಟೆನೆಂದು ಅವನಿಗೆ ತಿಳಿದಿತ್ತು.

"ನಾನು ಹೊರಟಾಗ ಅವನು ಉಸಿರಾಡ್ತಿದ್ದ," ಎಂದ ನಿಧಾನವಾಗಿ, ಕಣ್ಣು ಮಾಡೆಲ್ಲಿನ ಮೇಲೆ. "ಅಳ್ತಿದ್ದ. ಚಿಕ್ಕವನಿದ್ದಾಗಲೂ ಹಾಗೇ, ಸದ್ದಿಲ್ಲದೆ ಅಳೋಕೆ ಬರ್ತಿರ್ಲಿಲ್ಲ ಅವನಿಗೆ. ಬೀದಿ ತನಕ ಕೇಳಿಸ್ತಿತ್ತು."

"ಈಗ ತಾನೇ ನಾನೇ ತಳ್ದೆ ಅಂದ್ರಿ."

ಮುದುಕ ಪರದೆಯ ಕಡೆ ನೋಡಿದ.

"ನೀವು ಹೊರಟ ಮೇಲೆ ಅಲ್ಲಿ ಯಾರಿದ್ರು?"

ಬೀದಿ ಬಾಗಿಲ ಬೀಗದಲ್ಲಿ ಕೀಲಿ ತಿರುಗಿತು.

ಕದ ತಟ್ಟಲಿಲ್ಲ, ಕರೆಯಲಿಲ್ಲ. ತನ್ನದೇ ಮನೆಗೆ ಬಂದವರ ಹಾಗೆ ಯಾರೋ ಒಳಗೆ ಬಂದು ಚಪ್ಪಲಿ ಬಿಟ್ಟರು. ಮುದುಕ ಧಡಕ್ಕನೆ ಎದ್ದು ನಿಂತ. ಏನೋ ಕೂಗಲು ಬಾಯಿ ತೆರೆದ. ಇನ್ಸ್‌ಪೆಕ್ಟರ್ ತುಟಿಯ ಮೇಲೆ ಬೆರಳಿಟ್ಟಳು.

ಪರದೆಯ ಆಚೆ ಚೀಲವೊಂದನ್ನು ಕೆಳಗಿಡುವ ಸದ್ದಾಯಿತು. ಆಮೇಲೆ ಬೆಳಗ್ಗೆ ಹಲ್ಲಿನ ಪುಡಿ ಊದುತ್ತಾ ಮಾತಾಡಿದ್ದ ಅದೇ ದನಿ, ಏದುಸಿರಿನಲ್ಲಿ:

"ದೊಡ್ಡಪ್ಪಾ, ಅಲ್ಲಿಂದ ಓಡಿಕೊಂಡೇ ಬಂದೆ. ಆ ಇನ್ಸ್‌ಪೆಕ್ಟರ್ ಇಲ್ಲಿಗೂ ಬರ್ತಾಳೆ. ಏನು ಬೇಕಾದ್ರೂ ಹೇಳಿ, ಅಪ್ಪ ಬೀಳೋವಾಗ ನಾನು ಅಲ್ಲಿದ್ದೆ ಅಂತ ಮಾತ್ರ ಬಾಯಿ ಬಿಡ್ಬೇಡಿ..."